ಕುರ್ಚಿ ಎತ್ತುವವರಿಗೆ ಲೆಕ್ಕದ ಪುಸ್ತಕವನ್ನೂ ಕೊಡಿ



ಸೆಪ್ಟೆಂಬರ್‌ನಲ್ಲಿ ಹೀಥ್ರೋದಲ್ಲಿ ಇಳಿದು, ಎರಡು ಸೂಟ್‌ಕೇಸ್ ಎಳ್ಕೊಂಡು ಹೇಸ್, ಸೌತಾಲ್, ಅಕ್ಸ್‌ಬ್ರಿಜ್ ಕಡೆ ರೂಮು ಹುಡುಕುವ ಪ್ರತಿಯೊಬ್ಬ ಕನ್ನಡದ ವಿದ್ಯಾರ್ಥಿಗೂ ಒಂದೆರಡು ತಿಂಗಳಲ್ಲೇ ಒಂದು ವಾಟ್ಸಾಪ್ ಮೆಸೇಜ್ ಬಂದೇ ಬರುತ್ತೆ. "ಶನಿವಾರ ರಾಜ್ಯೋತ್ಸವ ಕಾರ್ಯಕ್ರಮ. ಬೆಳಗ್ಗೆ ಎಂಟಕ್ಕೆ ಹಾಲ್ ಹತ್ರ ಬನ್ನಿ, ವಾಲಂಟಿಯರ್ಸ್ ಬೇಕು." ಹಿಂದೆಯೇ ಇನ್ನೊಂದು ಸಾಲು: "ಸಿವಿಗೂ ಒಳ್ಳೇದಾಗುತ್ತೆ."

ಈ ಎರಡನೇ ಸಾಲಿನ ಬಗ್ಗೆ ನಾವು ಸ್ವಲ್ಪ ಮಾತಾಡಬೇಕು. ಯಾಕಂದ್ರೆ ಅದನ್ನು ಹೇಳುವವರೂ ಕೇಳುವವರೂ ಅರ್ಧ ಮನಸ್ಸಿನಿಂದಲೇ ಒಪ್ಪಿಕೊಂಡ ಮಾತು ಅದು.

ಮೊದಲು ಖರ್ಚಿನ ಲೆಕ್ಕ ನೋಡೋಣ. ನಮ್ಮಲ್ಲಿ ಹೆಚ್ಚಿನವರು ಬ್ಯಾಂಕ್ ಸಾಲ ಮಾಡಿ ಬಂದವರು. ಡಿಗ್ರಿ ಮಟ್ಟದ ಕೋರ್ಸ್ ಮಾಡುವವರ ಸ್ಟೂಡೆಂಟ್ ವೀಸಾದಲ್ಲಿ ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. 21 ವರ್ಷ ದಾಟಿದವರಿಗೆ 2025ರ ಏಪ್ರಿಲ್‌ನಿಂದ ಕನಿಷ್ಠ ವೇತನ ಗಂಟೆಗೆ 12.21 ಪೌಂಡ್ ಆಯಿತು. ಅಂದರೆ ಶನಿವಾರದ ನಾಲ್ಕು ಗಂಟೆ ಶಿಫ್ಟ್ ಬಿಟ್ಟು ಹಾಲ್‌ಗೆ ಬಂದವನು ಹತ್ತಿರ ಹತ್ತಿರ 49 ಪೌಂಡ್ ಬಿಟ್ಟು ಬಂದಿದ್ದಾನೆ. ಒಂದು ವಾರದ ದಿನಸಿ ಅದರಲ್ಲಿ ಬಂದುಬಿಡುತ್ತೆ. ಇಷ್ಟು ಬಿಟ್ಟು ಬಂದವರಿಗೆ ಏನು ಸಿಗುತ್ತೆ ಅಂತ ಕೇಳೋದು ಸ್ವಾರ್ಥ ಅಲ್ಲ, ನ್ಯಾಯವಾದ ಪ್ರಶ್ನೆ.

ನಾವು ಕಂಡ ಹಾಗೆ ಉತ್ತರ ಇದು: ಕುರ್ಚಿ ಜೋಡಿಸಿದರೆ ಬೆನ್ನು ನೋಯುತ್ತೆ, ಅಷ್ಟೇ. ಕಲಿಕೆ ಶುರುವಾಗೋದು ಒಂದು ನಿರ್ಧಾರ ನಮ್ಮ ಕೈಗೆ ಬಂದಾಗ, ಅದು ತಪ್ಪಿದರೆ ಉತ್ತರ ಕೊಡಬೇಕಾದವರು ನಾವೇ ಆದಾಗ.

ಊಟದ ವ್ಯವಸ್ಥೆಯನ್ನೇ ತಗೊಳ್ಳಿ. ಊರಲ್ಲಿ ಮದುವೆ ಮನೆಯ ಪಂಕ್ತಿಯಲ್ಲಿ ಬಡಿಸಿದವರಿಗೆ ಗೊತ್ತು, ಉಪ್ಪು ಉಪ್ಪಿನಕಾಯಿಯಿಂದ ಮಜ್ಜಿಗೆವರೆಗೆ ಯಾವುದರ ಹಿಂದೆ ಯಾವುದು ಬರಬೇಕು, ಯಾರು ಎಷ್ಟು ಬೇಗ ನಡೀಬೇಕು ಅನ್ನೋದು ದೊಡ್ಡ ಲೆಕ್ಕಾಚಾರ. ಎಂಬಿಎ ತರಗತಿಯಲ್ಲಿ ಅದಕ್ಕೆ ಆಪರೇಷನ್ಸ್ ಅಂತಾರೆ. ಇಲ್ಲಿ ಅದರ ಜೊತೆ ಅಲರ್ಜಿ ಪಟ್ಟಿಯೂ ಸೇರಿಕೊಳ್ಳುತ್ತೆ. ಈ ದೇಶದ ಆಹಾರ ಕಾನೂನು 14 ಅಲರ್ಜಿಕಾರಕಗಳನ್ನು ಹೆಸರಿಸುತ್ತೆ, ಅದರಲ್ಲಿ ಸಾಸಿವೆಯೂ ಒಂದು! ಒಗ್ಗರಣೆ ಹಾಕದ ಕನ್ನಡದ ಅಡುಗೆ ಎಷ್ಟಿದೆ ಹೇಳಿ? ಹೋಳಿಗೆಯಲ್ಲಿ ಗೋಧಿ ಅಥವಾ ಮೈದಾ, ಪುಳಿಯೋಗರೆಯಲ್ಲಿ ಕಡಲೆಬೀಜ ಮತ್ತು ಎಳ್ಳು, ಪಾಯಸದಲ್ಲಿ ಹಾಲು ಮತ್ತು ಗೋಡಂಬಿ. ಅಂಗಡಿಯ ಹಿಂಗಿನ ಡಬ್ಬಿಯ ಹಿಂಬದಿ ಓದಿದರೆ ಅದರಲ್ಲೂ ಗೋಧಿ ಹಿಟ್ಟು ಇರೋದು ಎಷ್ಟೋ ಸಲ ಕಾಣುತ್ತೆ. ವರ್ಷಕ್ಕೊಮ್ಮೆ ನಡೆಯೋ ಸಮುದಾಯದ ಊಟಕ್ಕೆ ಹೋಟೆಲಿಗಿರುವ ಎಲ್ಲ ನಿಯಮ ಅನ್ವಯಿಸದೇ ಇರಬಹುದು, ಆದರೂ ಪಟ್ಟಿ ಬರೆದಿಡೋದು ಒಳ್ಳೆಯ ಪದ್ಧತಿ. ಆ ಪಟ್ಟಿ ಮಾಡಿದ ಹುಡುಗಿ ಅಡುಗೆಯವರ ಹತ್ರ ಹತ್ತು ಸಲ ಕೇಳಿರ್ತಾಳೆ, ಅವರ ಸಿಡುಕು ಸಹಿಸಿರ್ತಾಳೆ, ಗಡುವಿನೊಳಗೆ ಬರೆದು ಮುಗಿಸಿರ್ತಾಳೆ. ಯಾವ ಕಂಪನಿಯಾದರೂ ಸಂಬಳ ಕೊಟ್ಟು ಮಾಡಿಸೋ ಕೆಲಸ ಅದು.

ಹಾಲ್ ಬುಕಿಂಗ್ ಕೂಡ ಹಾಗೇ. ಪರವಾನಗಿ ಇಲ್ಲದ ಜಾಗದಲ್ಲಿ ಪರವಾನಗಿ ಬೇಕಾದ ಚಟುವಟಿಕೆ ಇದ್ದರೆ ಕೌನ್ಸಿಲ್‌ಗೆ ಟೆಂಪರರಿ ಇವೆಂಟ್ ನೋಟಿಸ್ ಕೊಡಬೇಕು. ಹೇಸ್ ಆದರೆ ಹಿಲಿಂಗ್ಡನ್ ಕೌನ್ಸಿಲ್. ಶುಲ್ಕ 21 ಪೌಂಡ್, ಕನಿಷ್ಠ 10 ಕೆಲಸದ ದಿನ ಮುಂಚೆ ಕೊಡಬೇಕು, ಕೆಲಸ ಮಾಡುವವರೂ ಸೇರಿ 499 ಜನರ ಮಿತಿ. ಈ ಒಂದು ಅರ್ಜಿ ತುಂಬಿದವರಿಗೆ ಸ್ಥಳೀಯ ಆಡಳಿತ ಹೇಗೆ ನಡೆಯುತ್ತೆ ಅನ್ನೋದು ಅರ್ಧ ಅರ್ಥವಾಗಿರುತ್ತೆ. ಇನ್ಶೂರೆನ್ಸ್, ರಿಸ್ಕ್ ಅಸೆಸ್‌ಮೆಂಟ್, ಬೆಂಕಿ ಹತ್ತಿದರೆ ಯಾವ ಬಾಗಿಲು ಅನ್ನೋ ನಕ್ಷೆ, ಇವೆಲ್ಲ ಅದರ ಬೆನ್ನಿಗೇ ಬರುತ್ತವೆ.

ಆದರೆ ಎಲ್ಲಕ್ಕಿಂತ ಕಷ್ಟದ ಕೌಶಲ ಬೇರೆಯದೇ ಇದೆ. ವೇದಿಕೆ ನಿರ್ವಹಣೆ ಮಾಡಿದವರನ್ನು ಕೇಳಿ. ಐದು ನಿಮಿಷ ಅಂತ ಮೈಕ್ ತಗೊಂಡ ಹಿರಿಯರು ಇಪ್ಪತ್ತು ನಿಮಿಷ ಆದರೂ ಬಿಡ್ತಿಲ್ಲ, ಪಕ್ಕದಲ್ಲಿ ಮೇಕಪ್ ಹಾಕ್ಕೊಂಡ ಮಕ್ಕಳು ಅಳ್ತಿದಾರೆ, ಹಾಲ್ ಹತ್ತು ಗಂಟೆಗೆ ಖಾಲಿ ಮಾಡಬೇಕು. "ಸಾರ್, ತುಂಬಾ ಚೆನ್ನಾಗಿ ಹೇಳಿದ್ರಿ, ಮಕ್ಕಳು ಕಾಯ್ತಿದಾರೆ" ಅಂತ ನಗ್ತಾ ಹೇಳಿ ಮೈಕ್ ವಾಪಸ್ ಪಡೆಯುವುದು, ಅವರು ಬೇಜಾರಾಗದೆ ಕೆಳಗಿಳಿದು ಬೆನ್ನು ತಟ್ಟುವ ಹಾಗೆ ಮಾಡುವುದು, ಇದನ್ನು ಯಾವ ಮಾಡ್ಯೂಲ್‌ನಲ್ಲೂ ಕಲಿಸಲ್ಲ. ಧಾರವಾಡದ "ಏನ್ರೀ", ಮಂಗಳೂರಿನ "ಎಂತ ಮಾರಾಯ", ಬೆಂಗಳೂರಿನ "ಏನ್ ಗುರು" ಎಲ್ಲವೂ ಒಂದೇ ಅಡುಗೆಮನೆಯಲ್ಲಿ ಸೇರಿದಾಗ ಯಾರಿಗೆ ಹೇಗೆ ಹೇಳಬೇಕು ಅನ್ನೋದು ತಾನಾಗಿ ಬರುತ್ತೆ. ಇಲ್ಲಿನ ಆಫೀಸುಗಳಲ್ಲಿ ಅದಕ್ಕೆ ಸ್ಟೇಕ್‌ಹೋಲ್ಡರ್ ಮ್ಯಾನೇಜ್‌ಮೆಂಟ್ ಅಂತ ಹೆಸರಿಟ್ಟಿದ್ದಾರೆ.

ಇದು ನಮಗೆ ಹೊಸದೂ ಅಲ್ಲ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಪದ್ಧತಿ ಇತ್ತು. ಇವತ್ತು ನಿಮ್ಮ ಗದ್ದೆ ನಾಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಕೂಲಿ ಇಲ್ಲ, ಆದರೆ ಪುಕ್ಕಟೆಯೂ ಅಲ್ಲ. ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನಲ್ಲಿ 1949ರಲ್ಲಿ ಶುರುವಾದ ನೀನಾಸಂ ಊರಿನವರೇ ಸೇರಿ ಕಟ್ಟಿದ್ದು. ತೋಟದ ಕೆಲಸ ಮುಗಿಸಿ ಬಂದು ಬಣ್ಣ ಹಚ್ಚಿದವರ ಊರಿನಿಂದ ಒಂದು ರಂಗಶಿಕ್ಷಣ ಕೇಂದ್ರವೇ ಬೆಳೆಯಿತು, 1991ರಲ್ಲಿ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ಈ ದೇಶದಲ್ಲೂ 1983ರಲ್ಲಿ ಕನ್ನಡ ಬಳಗ ಯು.ಕೆ. ಹುಟ್ಟಿದಾಗ ಅದನ್ನು ನಡೆಸಿದವರು ತಮ್ಮ ತಮ್ಮ ನೌಕರಿ ಮುಗಿಸಿ ಬಂದು ಕೂತವರೇ. ಥೇಮ್ಸ್ ದಡದಲ್ಲಿ 2015ರ ನವೆಂಬರ್ 14ರಂದು ಅನಾವರಣವಾದ ಬಸವೇಶ್ವರ ಪ್ರತಿಮೆಯ ಹಿಂದೆ ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ್ ಅವರ ವರ್ಷಗಟ್ಟಲೆ ಓಡಾಟ ಇತ್ತು. ಅರ್ಜಿ, ಅನುಮತಿ, ಹಣ, ಜನ ಎಲ್ಲವನ್ನೂ ಹೊಂದಿಸುವ ಕೆಲಸ.

ಇದರ ಎದುರಿಗೆ ಇನ್ನೊಂದು ಬಗೆಯ ಸೇವೆಯೂ ನಮಗೆ ಪರಿಚಯ ಇದೆ. ವಿಟಿಯುನಲ್ಲಿ ಎಂಜಿನಿಯರಿಂಗ್ ಮಾಡಿದವರಿಗೆ 100 ಆಕ್ಟಿವಿಟಿ ಪಾಯಿಂಟ್ಸ್ ನೆನಪಿರಬೇಕಲ್ಲ? ಗಿಡದ ಪಕ್ಕ ನಿಂತು ಒಂದು ಫೋಟೋ, ಎರಡು ಪುಟದ ವರದಿ, ಒಂದು ಸೀಲು. ಉದ್ದೇಶ ಒಳ್ಳೆಯದೇ ಇತ್ತು, ಆದರೆ ಪಾಯಿಂಟ್‌ಗಾಗಿ ಮಾಡಿದ ಕೆಲಸದಲ್ಲಿ ಪಾಯಿಂಟ್ ಮಾತ್ರ ಉಳಿಯುತ್ತೆ. 1969ರಿಂದ ನಡೆದು ಬಂದಿರುವ ಎನ್‌ಎಸ್‌ಎಸ್‌ನ ಏಳು ದಿನದ ಕ್ಯಾಂಪಿಗೆ ಹೋದವರು ಬೇರೆ ಕಥೆ ಹೇಳ್ತಾರೆ. ನೂರು ಜನಕ್ಕೆ ಉಪ್ಪಿಟ್ಟು ಮಾಡಿದ್ದು, ಶಾಲೆಯ ಬಾವಿ ಕಟ್ಟೆ ಸರಿಮಾಡಿದ್ದು ಅವರಿಗೆ ಇವತ್ತಿಗೂ ನೆನಪಿದೆ. ವ್ಯತ್ಯಾಸ ಜವಾಬ್ದಾರಿಯದು.

ಇಂಟರ್‌ವ್ಯೂನಲ್ಲೂ ಈ ವ್ಯತ್ಯಾಸ ಹೊರಗೆ ಬೀಳುತ್ತೆ. ಇಲ್ಲಿ ಎನ್‌ಎಚ್‌ಎಸ್ ಇರಲಿ, ಸಿವಿಲ್ ಸರ್ವಿಸ್ ಇರಲಿ, ಬ್ಯಾಂಕ್ ಇರಲಿ, ಅನುಭವದ ಪ್ರಶ್ನೆಗೆ ಸ್ಟಾರ್ ಮಾದರಿಯ ಉತ್ತರ ಬಯಸ್ತಾರೆ: ಸನ್ನಿವೇಶ ಏನಿತ್ತು, ನಿಮ್ಮ ಹೊಣೆ ಏನು, ನೀವು ಏನು ಮಾಡಿದಿರಿ, ಕೊನೆಗೆ ಏನಾಯಿತು. "ಕನ್ನಡ ಸಂಘದಲ್ಲಿ ವಾಲಂಟಿಯರ್ ಆಗಿದ್ದೆ" ಅಂದರೆ ಮೂರನೇ ಪ್ರಶ್ನೆಗೆ ಗಾಡಿ ನಿಂತುಹೋಗುತ್ತೆ. "300 ಜನರ ಊಟಕ್ಕೆ ಬಜೆಟ್ ಮಾಡಿದೆ, ಕೇಟರರ್ ಕೊನೇ ವಾರ ಕೈಕೊಟ್ಟರು, ಇಬ್ಬರ ಹತ್ರ ಕೊಟೇಶನ್ ತಗೊಂಡು ಎರಡು ದಿನದಲ್ಲಿ ಬೇರೆಯವರನ್ನು ಗೊತ್ತು ಮಾಡಿದೆ" ಅಂದವನಿಗೆ ಮುಂದಿನ ಹತ್ತು ನಿಮಿಷ ಮಾತಿಗೆ ಕೊರತೆ ಇಲ್ಲ.

ಒಂದು ಎಚ್ಚರಿಕೆಯ ಮಾತು. ವೀಸಾ ನಿಯಮದ ಕಣ್ಣಲ್ಲಿ ವಾಲಂಟಿಯರಿಂಗ್ ಬೇರೆ, ವಾಲಂಟರಿ ವರ್ಕ್ ಬೇರೆ. ದತ್ತಿ ಸಂಸ್ಥೆಗೋ ಸಮುದಾಯಕ್ಕೋ ಒಪ್ಪಂದದ ಕಟ್ಟುಪಾಡಿಲ್ಲದೆ ನೆರವಾದರೆ ಅದು ವಾಲಂಟಿಯರಿಂಗ್, 20 ಗಂಟೆಯ ಲೆಕ್ಕಕ್ಕೆ ಸೇರಲ್ಲ. ಇಂತಿಷ್ಟು ಹೊತ್ತಿಗೆ ಬರಲೇಬೇಕು, ಇಂಥದ್ದೇ ಕೆಲಸ ಮಾಡಲೇಬೇಕು ಅನ್ನೋ ಕರಾರು ಇದ್ದರೆ ಸಂಬಳ ಇಲ್ಲದಿದ್ದರೂ ಅದು ಲೆಕ್ಕಕ್ಕೆ ಬರುತ್ತೆ. ಅನುಮಾನ ಬಂದರೆ ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಮೊದಲೇ ಕೇಳಿ. ಇನ್ನು "ಅನುಭವ ಸಿಗುತ್ತೆ, ದುಡ್ಡು ಕೇಳಬೇಡಿ" ಅನ್ನೋ ಅಂಗಡಿ, ಕಂಪನಿಗಳ ಮಾತಿಗೆ ಮರುಳಾಗಬೇಡಿ. ಲಾಭಕ್ಕೆ ನಡೆಯೋ ವ್ಯಾಪಾರದಲ್ಲಿ ಬಿಟ್ಟಿ ದುಡಿಯೋದಕ್ಕೆ ಸೇವೆ ಅಂತ ಹೆಸರಿಲ್ಲ.

ಈಗ ಹಿರಿಯರಿಗೆ ಎರಡು ಮಾತು. ನಿಮ್ಮ ಮೇಲೆ ನಮಗೆ ಗೌರವ ಇದೆ, ನೀವು ಹಾಕಿದ ಪಾಯದ ಮೇಲೇ ನಾವು ನಿಂತಿರೋದು. ಆದರೆ ಬಹಳ ಕಡೆ ನಡೆಯೋದು ಹೀಗೆ: ಸಮಿತಿ ಮೀಟಿಂಗ್‌ಗೆ ವಿದ್ಯಾರ್ಥಿಗಳಿಗೆ ಕರೆ ಇಲ್ಲ, ಕುರ್ಚಿ ಹಾಕೋಕೆ ಮಾತ್ರ ಕರೆ. ಪ್ರಾಯೋಜಕರು ಯಾರು, ಹಾಲ್ ಬಾಡಿಗೆ ಎಷ್ಟು, ಉಳಿದ ದುಡ್ಡು ಎಲ್ಲಿಗೆ ಹೋಯ್ತು ಅನ್ನೋದು ನಾಲ್ಕು ಮನೆಗಳ ಒಳಗೇ ಇರುತ್ತೆ. ಒಂದು ವರ್ಷ ಇದ್ದು ಹೋಗುವ ಹುಡುಗರ ಕೈಗೆ ಲೆಕ್ಕ ಹೇಗೆ ಕೊಡೋದು ಅಂತ ನೀವು ಕೇಳಬಹುದು. ಪ್ರಶ್ನೆ ಸರಿ, ಮಾಸ್ಟರ್ಸ್ ವಿದ್ಯಾರ್ಥಿಗಳು ಬರೋದೂ ಗೊತ್ತಾಗಲ್ಲ, ಹೋಗೋದೂ ಗೊತ್ತಾಗಲ್ಲ. ಹಾಗಾದರೆ ಖಜಾಂಚಿಯ ಪಕ್ಕ ಒಬ್ಬ ಸಹಾಯಕನನ್ನು ಕೂರಿಸಿ. ಸಹಿ ನಿಮ್ಮದೇ ಇರಲಿ, ಲೆಕ್ಕ ಅವನು ಬರೀಲಿ. ದತ್ತಿಯಾಗಿ ನೋಂದಾಯಿಸಿದ ಸಂಘಕ್ಕೆ ತೆರಿಗೆ ಕಟ್ಟುವವರು ಗಿಫ್ಟ್ ಏಡ್ ಹೇಳಿ ಕೊಟ್ಟ ಪ್ರತಿ ಪೌಂಡಿಗೆ 25 ಪೆನ್ಸ್ ಸರ್ಕಾರದಿಂದ ವಾಪಸ್ ಬರುತ್ತೆ ಅನ್ನೋದೂ ಅಲ್ಲೇ ತಿಳಿಯುತ್ತೆ.

ಅಕ್ಕಪಕ್ಕದವರನ್ನೂ ನೋಡಬಹುದು. ಹೇಸ್‌ನ ಪ್ರಿಂಟಿಂಗ್ ಹೌಸ್ ಲೇನ್‌ನಲ್ಲಿರುವ ನವನಾತ್ ಸೆಂಟರ್ ಗುಜರಾತಿ ವಣಿಕ ಸಮುದಾಯದ್ದು. ಸೌತಾಲ್‌ನ ಗುರು ನಾನಕ್ ರಸ್ತೆಯ (ಹಿಂದಿನ ಹ್ಯಾವ್‌ಲಾಕ್ ರಸ್ತೆ) ಗುರುದ್ವಾರದಲ್ಲಿ ಲಂಗರ್‌ಗೆ ಹೋಗಿ ಊಟ ಮಾಡಿದವರು ನಮ್ಮಲ್ಲಿ ಬಹಳ ಜನ. ಅಲ್ಲಿ ಸೇವೆಗೆ ನಿಂತವರಲ್ಲಿ ವಯಸ್ಸಿನ ಭೇದ ಇಲ್ಲ. ರೊಟ್ಟಿ ಲಟ್ಟಿಸುವ ಅಜ್ಜಿಯ ಪಕ್ಕ ಕಾಲೇಜು ಹುಡುಗ, ಪಾತ್ರೆ ತೊಳೆಯುವವರಲ್ಲಿ ಯಾರು ದೊಡ್ಡ ಹುದ್ದೆಯವರು ಅಂತ ಗೊತ್ತೇ ಆಗಲ್ಲ. ನಮ್ಮ ಕಾರ್ಯಕ್ರಮಗಳಲ್ಲಿ ಸ್ಟೇಜ್ ಮೇಲಿನ ಶಾಲುಗಳ ಸಂಖ್ಯೆ ನೋಡಿದಾಗ ಅದು ನೆನಪಾಗುತ್ತೆ, ಏನು ಮಾಡೋದು!

ಕೆಲಸ, ಸಿವಿ ಎಲ್ಲ ಸರಿ. ಇನ್ನೊಂದು ವಿಷಯ ಯಾರೂ ಬಾಯಿಬಿಟ್ಟು ಹೇಳಲ್ಲ. ನವೆಂಬರ್ ಕೊನೆಗೆ ಇಲ್ಲಿ ನಾಲ್ಕು ಗಂಟೆಗೇ ಕತ್ತಲು. ರೂಮು, ಲೈಬ್ರರಿ, ವೇರ್‌ಹೌಸ್ ಶಿಫ್ಟ್, ಮತ್ತೆ ರೂಮು. ಅಮ್ಮನ ಹತ್ರ ವೀಡಿಯೋ ಕಾಲ್‌ನಲ್ಲಿ "ಎಲ್ಲಾ ಚೆನ್ನಾಗಿದೆ" ಅಂತ ಹೇಳಿ ಫೋನ್ ಇಟ್ಟವರು ಎಷ್ಟು ಮಂದಿ. ಅಂಥ ವಾರದಲ್ಲಿ "ನಾಳೆ ರಿಹರ್ಸಲ್‌ಗೆ ಬಂದು ಧ್ವನಿವರ್ಧಕ ನೋಡ್ಕೊ, ನೀನಿಲ್ಲದಿದ್ರೆ ಆಗಲ್ಲ" ಅಂತ ಒಬ್ಬರು ಹೇಳೋದಕ್ಕೆ ಬೆಲೆ ಕಟ್ಟೋಕಾಗಲ್ಲ. ನಮಗೆ ಯಾರೋ ಕಾಯ್ತಿದಾರೆ ಅನ್ನೋದು ಎದ್ದು ಸ್ನಾನ ಮಾಡಿ ಬಸ್ ಹತ್ತೋದಕ್ಕೆ ಸಾಕು.

ಮುಂದಿನ ಯುಗಾದಿ ಕಾರ್ಯಕ್ರಮಕ್ಕೆ ನಮ್ಮ ಬಳಗದಲ್ಲಿ ನಾಲ್ಕು ಹೊಣೆಗಳನ್ನು ವಿದ್ಯಾರ್ಥಿಗಳಿಗೇ ಪೂರ್ತಿಯಾಗಿ ಬಿಡ್ತಿದೀವಿ: ಲೆಕ್ಕ, ಊಟ, ವೇದಿಕೆಯ ಸಮಯ, ಕೌನ್ಸಿಲ್ ಕಾಗದಪತ್ರ. ಪ್ರತಿಯೊಂದಕ್ಕೂ ಇಬ್ಬರು, ಒಬ್ಬರು ಈ ವರ್ಷ ಮುಗಿಸಿ ಹೋಗುವವರು, ಇನ್ನೊಬ್ಬರು ಮುಂದಿನ ವರ್ಷವೂ ಇರುವವರು. ಪರೀಕ್ಷೆ ವಾರಗಳಲ್ಲಿ ಯಾರನ್ನೂ ಕರೆಯಲ್ಲ, ಓಡಾಟದ ಬಸ್ ಚಾರ್ಜು ಸಂಘದ್ದೇ. ಊಟಕ್ಕೂ ವೇದಿಕೆಗೂ ಹೆಸರು ಬಂದಾಗಿದೆ. ಲೆಕ್ಕಕ್ಕೆ ಇನ್ನೂ ಒಬ್ಬರು ಬೇಕು. ಎಕ್ಸೆಲ್ ಬರದಿದ್ದರೂ ಪರವಾಗಿಲ್ಲ, ಬನ್ನಿ.