ಎಲೆ ಲೆಕ್ಕದ ಜಗಳ

ಮದುವೆ ಅಡುಗೆ ಕಾಂಟ್ರ್ಯಾಕ್ಟ್ ಮಾಡುವ ನಮ್ಮಂಥವರು ಇಬ್ಬರು ಸೇರಿದರೆ ಸಾಕು, "ಆ ಪಾರ್ಟಿ ಭಾರೀ ಕಿರಿಕ್ ಕಣ್ರೀ" ಅನ್ನೋ ಮಾತು ಬಂದೇ ಬರುತ್ತೆ. ನನ್ನ ಪ್ರಕಾರ ಹುಟ್ಟಾ ಕಿರಿಕ್ ಜನ ಬಹಳ ಕಮ್ಮಿ. ಬಾಯಿಮಾತಿನ ವ್ಯವಹಾರವೇ ಹೆಚ್ಚಿನವರನ್ನು ಹಾಗೆ ಮಾಡುತ್ತೆ.

ನೋಡಿ, ನಮ್ಮಲ್ಲಿ ರೇಟು ಎಲೆ ಲೆಕ್ಕ. ಹೆಣ್ಣಿನ ಅಪ್ಪ 500 ಎಲೆ ಅಂದಿರ್ತಾರೆ. ಧಾರೆ ದಿನ 650 ಬಿದ್ದಿರುತ್ತೆ. ಸಂಜೆ ಛತ್ರ ಖಾಲಿ ಮಾಡೋ ಗಡಿಬಿಡಿಯಲ್ಲಿ ಬಿಲ್ಲು ಕೈಗಿಟ್ಟರೆ, "ಅಷ್ಟು ಜನ ಎಲ್ಲಿ ಬಂದಿದ್ರು?" ಅಂತ ಶುರು. ಎಂಜಲೆಲೆ ಆಗಲೇ ಗಾಡಿ ಹತ್ತಿ ಹೋಗಿರುತ್ತೆ, ಸಾಕ್ಷಿ ಹೇಳೋರು ಯಾರು?

ಅದಕ್ಕೇ ನಾನು ಪ್ರತಿ ಪಂಕ್ತಿಗೂ ಎಲೆ ಹಾಕಿ ಜನ ಕೂತ ಮೇಲೆ, ಅವರ ಕಡೆಯ ಒಬ್ಬರನ್ನು ಕರೆದು ಒಟ್ಟಿಗೆ ಎಣಿಸಿ ನೋಟ್‌ಬುಕ್‌ನಲ್ಲಿ ಸಹಿ ಹಾಕಿಸ್ತೀನಿ. ಆ ಒಬ್ಬರು ಯಾರು ಅಂತ ಅಡ್ವಾನ್ಸ್ ತಗೊಳ್ಳೋವಾಗಲೇ ತೀರ್ಮಾನ ಆಗಬೇಕು. ಇಲ್ಲದಿದ್ದರೆ ಸೋದರಮಾವ ಒಬ್ಬಟ್ಟು ಅಂತಾರೆ, ದೊಡ್ಡಪ್ಪ ಚಿರೋಟಿ ಅಂತಾರೆ. ಎರಡೂ ಮಾಡಿದರೆ ದುಡ್ಡು ಕೊಡೋರು ಯಾರೂ ಇರಲ್ಲ!

ಜಿಎಸ್‌ಟಿ ಸೇರಿಯೋ ಬಿಟ್ಟೋ, ಮದುವೆ ನಿಂತರೆ ಅಡ್ವಾನ್ಸ್ ಎಷ್ಟು ವಾಪಸ್ಸು, ಎಲ್ಲಾ ಕಾಗದದಲ್ಲಿರಲಿ. 2020ರಲ್ಲಿ ಕೊರೊನಾ ಬಂದು ಮದುವೆಗೆ 50 ಜನರ ಮಿತಿ ಹಾಕಿದಾಗ, 500 ಎಲೆಗೆ ಅಡ್ವಾನ್ಸ್ ಕೊಟ್ಟವರು ಮತ್ತು ತಗೊಂಡವರು ಇಬ್ಬರೂ ಒದ್ದಾಡಿದರು. 1872ರ ಕರಾರು ಕಾಯ್ದೆ ಬಾಯಿಮಾತಿನ ಒಪ್ಪಂದವನ್ನೂ ಒಪ್ಪುತ್ತೆ, ನಿಜ. ಆದರೆ ಅದನ್ನು ರುಜುವಾತು ಮಾಡೋದು ಹೇಗೆ?

ಹೆಣ್ಣಿನ ಅಪ್ಪ ಕೂಗಾಡಿದರೆ ನಾನು ಬೇಜಾರು ಮಾಡ್ಕೊಳ್ಳಲ್ಲ. ಬೀಗರ ಎದುರು ಸಾರು ಸಾಲದೇ ಬಂದರೆ ಮಾನ ಹೋಗುತ್ತೆ ಅನ್ನೋ ಹೆದರಿಕೆ ಅದು. "ಅನ್ನ ಇನ್ನೊಂದು ಹಂಡೆ ಇದೆ, ಬಂದು ನೋಡಿ ಸಾರ್" ಅಂತ ಅಡುಗೆಮನೆಗೆ ಕರ್ಕೊಂಡು ಹೋದರೆ ಅರ್ಧ ಕೋಪ ಅಲ್ಲೇ ಇಳಿಯುತ್ತೆ.

ಬಡಿಸೋ ಹುಡುಗರ ಮೇಲೆ ಕೈ ಎತ್ತೋರ ವಿಷಯ ಮಾತ್ರ ಬೇರೆ. ರಾತ್ರಿಯೆಲ್ಲಾ ತರಕಾರಿ ಹೆಚ್ಚಿ, ಕಡೇ ಪಂಕ್ತಿ ಎದ್ದ ಮೇಲೆ ಉಣ್ಣೋ ಮಕ್ಕಳು ಅವರು. ಬಿಲ್ಲಿನಲ್ಲಿ ಎರಡು ಸಾವಿರ ಬಿಟ್ಟೇನು, ಇದನ್ನು ಬಿಡಲ್ಲ. ಅಂಥ ಮನೆಯ ಮುಂದಿನ ಶುಭಕಾರ್ಯ ಎಷ್ಟೇ ದೊಡ್ಡದಿರಲಿ, ನನಗೆ ಬೇಡ. ಗಿರಾಕಿ ದೇವರು ಅಂತಾರೆ, ಸರಿ. ಆದರೆ ಬಡಿಸೋನು ಇಲ್ಲದಿದ್ದರೆ ಆ ದೇವರಿಗೂ ನೈವೇದ್ಯ ಇಲ್ಲ ಅಲ್ವಾ?