ಮೀನು ಬಿಟ್ಟರೆ ಸಾಕೇ, ಗಾಳಿ ಯಾರು ಕೊಡ್ತಾರೆ?

ನಮ್ಮ ಕೊಡೇಕಲ್ ಕಡೆ ಯಾವುದಾದರೂ ಕೆರೆಯಲ್ಲಿ ಬೆಳಗಾಗುವುದರೊಳಗೆ ಮೀನು ಸತ್ತು ತೇಲಿದರೆ ಜನ ಮೊದಲು ಹೇಳುವ ಮಾತು ಒಂದೇ. "ಯಾರೋ ಎಣ್ಣಿ ಹಾಕ್ಯಾರ." ಎಣ್ಣಿ ಅಂದರೆ ಅಡುಗೆ ಎಣ್ಣೆ ಅಲ್ಲ, ಹತ್ತಿಗೆ, ಭತ್ತಕ್ಕೆ ಹೊಡೆಯೋ ಕೀಟನಾಶಕ :-) ಆಮೇಲೆ ಶುರು ನೋಡಿ. ಕೆರೆ ಹರಾಜಿನಲ್ಲಿ ಗುತ್ತಿಗೆ ಸಿಗದವನ ಮೇಲೆ ಅನುಮಾನ, ಪಂಚಾಯಿತಿ ಎಲೆಕ್ಷನ್‌ನಲ್ಲಿ ಸೋತವನ ಮೇಲೆ ಅನುಮಾನ, ಪಕ್ಕದ ಹೊಲದವನ ಮೇಲೆ ಅನುಮಾನ. ಸಾಲ ಮಾಡಿ ಮೀನು ಬಿಟ್ಟವನ ದುಡ್ಡು ಹೋಗಿರುತ್ತೆ, ಅದರ ಜೊತೆ ಊರಿನ ನೆಮ್ಮದಿಯೂ ಹೋಗುತ್ತೆ.

ಎಣ್ಣೆ ಹಾಕುವವರು ಇಲ್ಲವೇ ಇಲ್ಲ ಅಂತ ನನ್ನ ವಾದವಲ್ಲ. ಆದರೆ ಅನೇಕ ಸಲ ಕೊಲೆಗಾರ ಬೇರೆಯೇ ಇರುತ್ತಾನೆ. ನೀರಿನಲ್ಲಿ ಕರಗಿದ ಆಮ್ಲಜನಕ ಮುಗಿದುಹೋಗಿರುತ್ತೆ, ಅಷ್ಟೇ. ಮೀನು ಉಸಿರು ಕಟ್ಟಿ ಸತ್ತಿರುತ್ತೆ.

ನಾನು ಓದಿದ್ದು ಇಂಜಿನಿಯರಿಂಗ್, ಹೊಟ್ಟೆಪಾಡು ಸಾಫ್ಟ್‌ವೇರ್. ಮೀನುಗಾರಿಕೆ ಓದಿದವನಲ್ಲ. ಆದರೆ ಲೆಕ್ಕ ಹಾಕೋಕೆ ಬರುತ್ತೆ. ಸ್ವಲ್ಪ ತಾಳ್ಮೆಯಿಂದ ನೋಡಿ.

ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇರುತ್ತೆ. ಒಂದು ಲೀಟರ್ ನೀರಿನಲ್ಲಿ? 0 ಡಿಗ್ರಿಯಲ್ಲಿ 14.6 ಮಿಲಿಗ್ರಾಂ ಕರಗುತ್ತೆ, 20 ಡಿಗ್ರಿಯಲ್ಲಿ ಸುಮಾರು 9, 30 ಡಿಗ್ರಿಯಲ್ಲಿ ಬರೀ 7.5. ನೀರು ಕಾದಷ್ಟೂ ಉಸಿರು ಕಮ್ಮಿ. ಅದೇ ಹೊತ್ತಿಗೆ ಮೀನಿಗೆ ಬೇಕಾದ ಉಸಿರು ಜಾಸ್ತಿ. ನಮ್ಮ ಯಾದಗಿರಿ ಜಿಲ್ಲೆಯ ಏಪ್ರಿಲ್, ಮೇ ತಿಂಗಳ ಬಿಸಿಲು ಹೇಗಿರುತ್ತೆ ಅಂತ ಬೇರೆ ಹೇಳಬೇಕೇ?

ಹಿಮ ಬೀಳುವ ದೇಶಗಳಲ್ಲಿ ಇದೇ ಕಷ್ಟ ಚಳಿಗಾಲದಲ್ಲಿ ಬರುತ್ತೆ. ಅಲ್ಲಿ ಸಣ್ಣ ಕೆರೆಗಳಿಗೆ ಟ್ರೌಟ್ ಮೀನು ಬಿಡುತ್ತಾರೆ. ಚಳಿಗೆ ಕೆರೆಯ ಮೇಲೆ ಮಂಜುಗಡ್ಡೆ ಮುಚ್ಚಳದ ಹಾಗೆ ಕೂರುತ್ತೆ, ಅದರ ಮೇಲೆ ಹಿಮ. ಗಾಳಿಯೂ ಒಳಗೆ ಹೋಗಲ್ಲ, ಬೆಳಕೂ ಹೋಗಲ್ಲ. ತಳದಲ್ಲಿ ಕೊಳೆಯುವ ಗಿಡಗಂಟಿ ಇರುವ ಆಮ್ಲಜನಕವನ್ನೂ ತಿಂದುಬಿಡುತ್ತೆ. ವಸಂತದಲ್ಲಿ ಮಂಜು ಕರಗಿದಾಗ ಸತ್ತ ಮೀನು ತೇಲುತ್ತವೆ. ಅದಕ್ಕೆ ಅವರು ಕೊಳವೆಯಲ್ಲಿ ಗಾಳಿ ಬಿಟ್ಟು ಗುಳ್ಳೆ ಏಳಿಸುತ್ತಾರೆ. ನನಗೆ ಇಷ್ಟವಾದದ್ದು ಏನು ಗೊತ್ತಾ? ಅವರು ಇಡೀ ಕೆರೆಯ ಮಂಜು ಕರಗಿಸಲು ಹೋಗುವುದಿಲ್ಲ. ಒಂದು ಕಡೆ ಮಾತ್ರ ಕಿಂಡಿ ತೆರೆದಿಡುತ್ತಾರೆ. ಅದೂ ತೀರಾ ಆಳದಲ್ಲಿ ಗಾಳಿ ಬಿಡುವುದಿಲ್ಲ, ಯಾಕೆಂದರೆ ತಳದ 4 ಡಿಗ್ರಿ ನೀರೇ ಆಗ ಮೀನಿಗೆ ಬೆಚ್ಚಗಿನ ಮನೆ. ಅದನ್ನು ಕದಡಿದರೆ ಇನ್ನೂ ತಣ್ಣಗಾಗುತ್ತೆ.

ನಮ್ಮಲ್ಲಿ ಮಂಜುಗಡ್ಡೆ ಇಲ್ಲ. ನಮ್ಮ ಮುಚ್ಚಳ ರಾತ್ರಿ. ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ನಮ್ಮ ಕಡೆ ಭತ್ತ ಬಂತು, ಭತ್ತದ ಜೊತೆ ಯೂರಿಯಾ, ಡಿಎಪಿ ಬಂದವು. ಗದ್ದೆಯಿಂದ ಬಸಿದ ಗೊಬ್ಬರದ ನೀರು ಕೆರೆಗೆ ಸೇರಿದರೆ ನೀರು ಹಸಿರಾಗುತ್ತೆ, ಅಂದರೆ ಪಾಚಿ. ಹಗಲು ಬಿಸಿಲಿಗೆ ಪಾಚಿಯೇ ಆಮ್ಲಜನಕ ತಯಾರಿಸುತ್ತೆ. ರಾತ್ರಿ ಅದೇ ಪಾಚಿ ಮೀನಿನ ಜೊತೆ ಪೈಪೋಟಿಗೆ ಬಿದ್ದು ಉಸಿರಾಡುತ್ತೆ. ಹಾಗಾಗಿ ಅತಿ ಕೆಟ್ಟ ಹೊತ್ತು ನಸುಕಿನ 4ರಿಂದ 6. ಎರಡು ಮೂರು ದಿನ ಮೋಡ ಮುಚ್ಚಿದರಂತೂ ಹಗಲಿನ ಸಂಪಾದನೆಯೂ ಇಲ್ಲ. ಬೇಸಿಗೆಯ ಕೊನೆಗೆ ಒಮ್ಮೆಲೆ ಜೋರು ಮಳೆ ಬಂದರೆ ಮೇಲಿನ ನೀರು ತಣ್ಣಗಾಗಿ ಕೆಳಗಿಳಿದು, ತಳದ ಕೊಳೆತ ನೀರು ಮೇಲೆ ಬರುತ್ತೆ. ಮಳೆ ಬಂತೆಂದು ಊರೇ ಖುಷಿಯಲ್ಲಿರುವಾಗ ಕೆರೆಯಲ್ಲಿ ಮೀನು ಸಾಯುತ್ತವೆ.

ಇದು ಹಳ್ಳಿಯ ಕಥೆ ಮಾತ್ರ ಅಲ್ಲ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ಎಲ್ಲರಿಗೂ ನೆನಪಿರಬಹುದು. ಅಲ್ಲಿ ಗೊಬ್ಬರದ ಬದಲು ಚರಂಡಿ ನೀರು, ಉಳಿದದ್ದೆಲ್ಲ ಅದೇ.

ಸರಿ, ಹಾಗಾದರೆ ಎಲ್ಲ ಕೆರೆಗೂ ಸಬ್ಸಿಡಿಯಲ್ಲಿ ಏರೇಟರ್ ಕೊಟ್ಟುಬಿಡಲಿ ಅಂತೀರಾ? ಇಲ್ಲೇ ನನ್ನ ತಕರಾರು. ಒಂದು ಹೆಕ್ಟೇರ್ ಕೆರೆ, ಒಂದೂವರೆ ಮೀಟರ್ ನೀರು ಅಂದರೆ ಒಂದೂವರೆ ಕೋಟಿ ಲೀಟರ್. ಲೀಟರಿಗೆ 1 ಮಿಲಿಗ್ರಾಂ ಹೆಚ್ಚಿಸಲು 15 ಕೆಜಿ ಆಮ್ಲಜನಕ ಬೇಕು. ಒಂದು ಯೂನಿಟ್ ಕರೆಂಟಿಗೆ ಒಂದು ಕೆಜಿ ಸೇರುತ್ತೆ ಅಂತ ಧಾರಾಳವಾಗಿಯೇ ಹಿಡಿಯೋಣ. ಒಂದು ಎಚ್‌ಪಿ ಯಂತ್ರ 20 ತಾಸು ಓಡಬೇಕು. ಅಷ್ಟರಲ್ಲಿ ಮೀನಿನ ತಿಥಿ ಆಗಿರುತ್ತೆ. ಅದೇ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಕೃಷಿ ಹೊಂಡಕ್ಕೆ ಲೆಕ್ಕ ಹಾಕಿ. ಸುಮಾರು ಹತ್ತು ಲಕ್ಷ ಲೀಟರ್, ಒಂದು ಕೆಜಿ, ಒಂದೇ ಯೂನಿಟ್. ಹೊಂಡಕ್ಕೆ ಯಂತ್ರ ಸರಿ, ಕೆರೆಗೆ ಅದೇ ಯಂತ್ರ ಬರೀ ತೋರಿಕೆ.

ಇನ್ನೊಂದು ತಮಾಷೆ. ಮಧ್ಯಾಹ್ನ ಹಸಿರು ನೀರಿನಲ್ಲಿ ಆಮ್ಲಜನಕ ತುಂಬಿ ತುಳುಕುತ್ತಿರುತ್ತೆ. ಆಗ ಏರೇಟರ್ ಹಾಕಿದರೆ ಆಮ್ಲಜನಕ ಒಳಗೆ ಹೋಗುವ ಬದಲು ಹೊರಗೆ ಹೋಗುತ್ತೆ! ಬೇಕಾದದ್ದು ನಸುಕಿನಲ್ಲಿ. ಹಳ್ಳಿಯಲ್ಲಿ ತ್ರೀ ಫೇಸ್ ಕರೆಂಟ್ ಬರುವುದು ಪಾಳಿಯಲ್ಲಿ, ನಮಗೆ ಬೇಕಾದಾಗ ಅಲ್ಲ. ಪೇಟೆಯ ಕೆರೆಗಳ ಕಾರಂಜಿಯೂ ಅಷ್ಟೇ. ಸಂಜೆ ವಾಕಿಂಗ್ ಬಂದವರಿಗೆ ಚಿಮ್ಮಿ, ಮೀನಿಗೆ ಬೇಕಾದ ಹೊತ್ತಿಗೆ ಮಲಗಿರುತ್ತೆ.

ಹಾಗಾದರೆ ಮಾಡೋದೇನು? ಮಂಜು ದೇಶದವರ ಕಿಂಡಿ ಲೆಕ್ಕವೇ ನಮಗೂ ಸರಿ. ಇಡೀ ಕೆರೆ ಉಳಿಸಲು ಹೋಗಬೇಡಿ, ಒಂದು ಮೂಲೆ ಉಳಿಸಿ. ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದೇ ಎಚ್ಚರಿಕೆ ಗಂಟೆ. ಡೀಸೆಲ್ ಇಂಜಿನ್ ಇಟ್ಟು ಕೆರೆಯ ಮೇಲುನೀರನ್ನೇ ಎತ್ತಿ, ತೂತಿನ ತಗಡಿನ ಮೇಲೆ ಬೀಳಿಸಿ ಆ ಮೂಲೆಗೆ ಬಿಡಿ. ಮೀನು ತಾವೇ ಅಲ್ಲಿಗೆ ಬಂದು ಸೇರುತ್ತವೆ. ಮೋಡದ ದಿನ ಮೀನಿಗೆ ಮೇವು, ಕೆರೆಗೆ ಸಗಣಿ ಹಾಕೋದು ನಿಲ್ಲಿಸಿ. ಮಾರ್ಚ್‌ನಲ್ಲೇ ದೊಡ್ಡ ಕಾಟ್ಲಾ, ರೋಹು ಹಿಡಿದು ಮಾರಿ, ಇಳಿಯುವ ನೀರಿಗೆ ತಕ್ಕಷ್ಟೇ ಮೀನು ಉಳಿಸಿ. ಹೂಳು ತೆಗೆಯುವಾಗ ಒಂದು ಕಡೆ ಆಳದ ಗುಂಡಿ ಮಾಡಿಸಿ.

ಎಲ್ಲಕ್ಕಿಂತ ಮುಖ್ಯ, ಈ ಗುರುತುಗಳು ಊರಿನ ಜನರಿಗೆ ಗೊತ್ತಿರಬೇಕು. ಉಸಿರು ಕಟ್ಟಿ ಸತ್ತರೆ ಸಾಮಾನ್ಯವಾಗಿ ದೊಡ್ಡ ಮೀನು ಮೊದಲು ಸಾಯುತ್ತವೆ, ಮರಿಗಳು ಎಷ್ಟೋ ಉಳಿದಿರುತ್ತವೆ, ಮೇಲೆ ಬಂದು ಗಾಳಿ ಕುಡಿಯುವ ಕೊರವ ಮೀನು ಆರಾಮಾಗಿರುತ್ತೆ. ವಿಷವಾದರೆ ಮರಿಗಳೇ ಮೊದಲು ಹೋಗುವುದು ಹೆಚ್ಚು. ಇದೇ ಕೊನೆಯ ಸಾಕ್ಷಿ ಅಲ್ಲ, ನೀರಿನ ಪರೀಕ್ಷೆ ಬೇಕೇ ಬೇಕು. ಆದರೆ ಕೈ ಎತ್ತುವ ಮೊದಲು ಒಂದು ಗಳಿಗೆ ಕೆರೆ ದಂಡೆಯಲ್ಲಿ ನಿಂತು ನೋಡಲು ಇಷ್ಟು ಸಾಕು.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಕೆರೆ ಗುತ್ತಿಗೆ ಕೊಡುವಾಗ ಎಷ್ಟು ಲಕ್ಷ ಮರಿ ಬಿಡ್ತೀರಿ ಅಂತ ಕೇಳುವ ಹಾಗೆ, ಮೇ ತಿಂಗಳಲ್ಲಿ ಎಷ್ಟು ನೀರು ಉಳಿಯುತ್ತೆ, ನಸುಕಿನಲ್ಲಿ ಗಾಳಿಗೆ ಏನು ವ್ಯವಸ್ಥೆ ಅಂತಲೂ ಕೇಳಲಿ. ಸಬ್ಸಿಡಿಯಲ್ಲಿ ಯಂತ್ರ ಕೊಡುವ ಮೊದಲು ಪಂಚಾಯಿತಿಗೊಂದು ಆಮ್ಲಜನಕ ಅಳೆಯುವ ಮೀಟರ್ ಕೊಡಲಿ. ಮರಿ ಬಿಡುವ ದಿನ ಫೋಟೋಗೆ ನಿಲ್ಲುವವರು ಸಾಕಷ್ಟಿದ್ದಾರೆ, ನಸುಕಿನ ನಾಲ್ಕಕ್ಕೆ ಎದ್ದು ನೀರು ನೋಡುವವರು ಬೇಕು.

ನಿಮ್ಮೂರ ಕೆರೆಗಳಲ್ಲಿ ಹೇಗೆ ಮಾಡ್ತಾರೆ? ಗೊತ್ತಿದ್ದವರು ದಯವಿಟ್ಟು ಬರೆಯಿರಿ..