ಎದುರಾಳಿಯ ಮೊದಲ ಹೊಡೆತ

ಟೆನಿಸ್ ಆಟದಲ್ಲಿ ಸರ್ವೀಸನ್ನು ಹಿಂದಿರುಗಿಸಬಲ್ಲವನು ಅರ್ಧ ಗೆದ್ದಂತೆಯೇ ಸರಿ. ಎದುರಾಳಿಯ ಚೆಂಡು ಎಷ್ಟೇ ವೇಗದಿಂದ ಬರಲಿ, 21 ಅಡಿ ಉದ್ದ, 13½ ಅಡಿ ಅಗಲದ ಮನೆಯೊಳಗೇ ಬೀಳತಕ್ಕುದು. ಕಿಂಡಿಯನ್ನು ಕಾದು ನಿಂತ ಓಬವ್ವೆಯ ಐತಿಹ್ಯವನ್ನು ಬಲ್ಲ ದುರ್ಗದ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಚೆಂಡನ್ನೆಸೆಯುವ ಕೈಯ ಮೇಲೆ ದೃಷ್ಟಿಯಿರಲಿ. ಅವನು ಹೊಡೆಯುವ ಕ್ಷಣದಲ್ಲಿ ಒಂದು ಪುಟ್ಟ ನೆಗೆತದಿಂದ ಪಾದಗಳು ಎಚ್ಚರಗೊಳ್ಳಲಿ. ರ್‍ಯಾಕೆಟ್ಟನ್ನು ಬಹಳ ಹಿಂದಕ್ಕೆಳೆಯಲಾಗದು. ಬಂದ ವೇಗವನ್ನೇ ಎರವಲು ಪಡೆದು ಅಂಕಣದ ನಡುವೆ, ಆಳಕ್ಕೆ, ಹಿಂದಿರುಗಿಸತಕ್ಕುದು. ಬಲೆಯು ಕಂಬಗಳ ಬಳಿ 3½ ಅಡಿಯಿದ್ದು ನಡುವೆ 3 ಅಡಿ ಮಾತ್ರವಾದುದರಿಂದ ಅಪಾಯವೂ ಅಲ್ಲಿ ಕಡಿಮೆ. ಎರಡನೆಯ ಸರ್ವೀಸು ಸಾಮಾನ್ಯವಾಗಿ ಮೆಲ್ಲಗೆ ಬರುವುದರಿಂದ ಒಂದು ಹೆಜ್ಜೆ ಮುಂದೆ ನಿಲ್ಲಬಹುದು.

ಅಭ್ಯಾಸದಲ್ಲಿ ಚೆನ್ನಾಗಿ ಆಡುವ ಮಕ್ಕಳು ಪಂದ್ಯದಲ್ಲಿ ಸೋಲುವುದು ಬಹುಮಟ್ಟಿಗೆ ಭಯದಿಂದ. ಒಂದೇ ಹೊಡೆತಕ್ಕೆ ಗೆಲ್ಲಬೇಕೆಂಬ ಆತುರದಿಂದ. ಕೊಡಗಿನ ರೋಹನ್ ಬೋಪಣ್ಣನವರು 2010ರಲ್ಲಿಯೂ 2023ರಲ್ಲಿಯೂ ಅಮೆರಿಕದ ಓಪನ್ ಪಂದ್ಯದ ಪುರುಷರ ಜೋಡಿಯಾಟದ ಅಂತಿಮದಲ್ಲಿ ಸೋತರು. 2024ರಲ್ಲಿ, ತಮ್ಮ 43ನೆಯ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನರೊಡನೆ ಆಸ್ಟ್ರೇಲಿಯದಲ್ಲಿ ಗೆದ್ದರು.

ಆದುದರಿಂದ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ತಾಯ್ತಂದೆಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಪಂದ್ಯ ಮುಗಿಸಿ ಮನೆಗೆ ಬಂದ ಮಗುವನ್ನು "ಗೆದ್ದೆಯಾ?" ಎಂದು ಕೇಳುವುದಕ್ಕೆ ಮೊದಲು, "ಎಷ್ಟು ಚೆಂಡು ಹಿಂದಿರುಗಿಸಿದೆ?" ಎಂದು ಕೇಳಿರಿ. ಮರುದಿನ ಅದು ತಾನಾಗಿಯೇ ಅಂಕಣಕ್ಕೆ ಹೋಗುವುದು.